ಹಂಗಾದ್ರೆ ಗೆದ್ದಿದ್ದೇನು?

2021ರ ಅಕ್ಟೋಬರ್ 3, ಭಾನುವಾರ. ಸ್ಯಾನ್ ಫ್ರಾನ್ಸಿಸ್ಕೋದ ಬೇಸ್‌ಬಾಲ್ ಮೈದಾನ ಒರಾಕಲ್ ಪಾರ್ಕ್‌ನಿಂದ ವಾಪಸ್ ಬರೋ ಕ್ಯಾಲ್‌ಟ್ರೇನ್‌ನಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ. ಎಲ್ಲಿ ನೋಡಿದರೂ ಇಲ್ಲಿನ ತಂಡ ಜೈಂಟ್ಸ್‌ನ ಕಿತ್ತಳೆ-ಕಪ್ಪು ಅಂಗಿ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ದಾವಣಗೆರೆಯಲ್ಲಿ ಬೆಳಗಿನ ಜಾವ ನಾಲ್ಕೂವರೆ, ಅಪ್ಪಾಜಿ ಏಳೋ ಹೊತ್ತು. ತಡೆಯೋಕಾಗದೆ ಫೋನ್ ಮಾಡಿದೆ.

"ಜೈಂಟ್ಸ್ ಗೆದ್ರು ಅಪ್ಪಾಜಿ!"

"ಹೌದೇನಪ್ಪ? ಕಪ್ ಬಂತಾ?"

"ಕಪ್ ಅಲ್ಲ, ಡಿವಿಷನ್."

"ಫೈನಲ್ ಮುಗೀತಾ?"

"ಇಲ್ಲ, ಪ್ಲೇಆಫ್ ಇನ್ನು ಮುಂದೆ."

ಆ ಕಡೆ ಹಾಲು ಕಾಯಿಸೋ ಪಾತ್ರೆ ಸದ್ದು. ಆಮೇಲೆ, "ಹಂಗಾದ್ರೆ ಇವತ್ತು ಗೆದ್ದಿದ್ದೇನು?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಪ್ರತಿ ಸೆಪ್ಟೆಂಬರ್‌ನಲ್ಲೂ ಯಾವುದಾದರೊಂದು ತಂಡ ಡಿವಿಷನ್ ಗೆದ್ದು, ಡ್ರೆಸಿಂಗ್ ರೂಮಿಗೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ, ಈಜುಗಾರರ ಥರ ಕನ್ನಡಕ ಹಾಕ್ಕೊಂಡು ಶಾಂಪೇನ್ ಎರಚಾಡೋದನ್ನ ನೋಡಿದಾಗ ಅಪ್ಪಾಜಿಯ ಪ್ರಶ್ನೆ ನೆನಪಾಗುತ್ತೆ. ತಡವಾಗಿಯಾದರೂ ಉತ್ತರ ಬರೀತಿದೀನಿ. ನನ್ನ ಪ್ರಕಾರ ಅವತ್ತು ಗೆದ್ದದ್ದೇ ದೊಡ್ಡದು. ಅದಾದ ಮೇಲಿನದು ಅರ್ಧ ಆಟ, ಅರ್ಧ ಲಾಟರಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡ, ಎರಡು ಲೀಗ್, ಒಂದೊಂದು ಲೀಗಿಗೆ ಮೂರು ಡಿವಿಷನ್, ಒಂದು ಡಿವಿಷನ್‌ಗೆ ಐದು ತಂಡ. ಒಂದೊಂದು ತಂಡವೂ ಆಡೋದು 162 ಪಂದ್ಯ. ನೂರರವತ್ತೆರಡು! ಬೇಸಿಗೆಯ ಶುರುವಿನಿಂದ ಅಕ್ಟೋಬರ್‌ವರೆಗೆ ಹೆಚ್ಚುಕಮ್ಮಿ ದಿನಾ. ನಮ್ಮ ಐಪಿಎಲ್ ಲೀಗ್ ಹಂತದಲ್ಲಿ ಒಂದು ತಂಡಕ್ಕೆ ಹದಿನಾಲ್ಕು ಪಂದ್ಯ, ಅಷ್ಟಕ್ಕೇ ಮೇ ತಿಂಗಳಲ್ಲಿ ಆರ್‌ಸಿಬಿಯವರ ಕೈಗೆ ಕ್ಯಾಲ್ಕುಲೇಟರ್ ಬಂದಿರುತ್ತೆ.

ಇಲ್ಲೂ ಕ್ಯಾಲ್ಕುಲೇಟರ್ ಇದೆ. ಹೆಸರು ಮ್ಯಾಜಿಕ್ ನಂಬರ್. ಕರ್ನಾಟಕದವರಿಗೆ ಈ ಪದ ಹೊಸದೇನಲ್ಲ, ಚುನಾವಣೆ ಫಲಿತಾಂಶದ ದಿನ ಟಿವಿಯವರು 113, 113 ಅಂತ ತಲೆ ತಿನ್ನೋದು ಇದನ್ನೇ ತಾನೆ. ಬೇಸ್‌ಬಾಲ್‌ನಲ್ಲಿ 163ರಿಂದ ನಮ್ಮ ಗೆಲುವು ಕಳೀಬೇಕು, ಎದುರಾಳಿಯ ಸೋಲನ್ನೂ ಕಳೀಬೇಕು. ಉಳಿದದ್ದು ಸೊನ್ನೆಯಾದರೆ ಡಿವಿಷನ್ ನಮ್ಮದು. ಆ ಭಾನುವಾರ ಬೆಳಿಗ್ಗೆ ಜೈಂಟ್ಸ್ ಗೆಲುವು 106, ಲಾಸ್ ಏಂಜಲೀಸ್ ಡಾಡ್ಜರ್ಸ್ ಸೋಲು 56. ಉಳಿದದ್ದು ಒಂದು. ಆರು ತಿಂಗಳು ಆಡಿದ ಮೇಲೂ ಒಂದು!

ಹಿಂದಿನ ದಿನವೇ ಮುಗಿಸಬಹುದಿತ್ತು. ಸ್ಯಾನ್ ಡಿಯಾಗೋ ಪಾಡ್ರೆಸ್ ಹತ್ತನೇ ಇನಿಂಗ್ಸ್‌ನಲ್ಲಿ 3-2ರಿಂದ ಸೋಲಿಸಿ ಶನಿವಾರದ ನಿದ್ದೆ ಕೆಡಿಸಿದರು. ಭಾನುವಾರವೂ ಸೋತಿದ್ದರೆ ಡಾಡ್ಜರ್ಸ್ ಜೊತೆ ಸಮ, ಸೋಮವಾರ 163ನೇ ಪಂದ್ಯ. ಯಾಕಂದರೆ ಅತ್ತ ಡಾಡ್ಜರ್ಸ್ ತಮ್ಮ ಪಂದ್ಯ ಗೆದ್ದೇ ಬಿಟ್ಟಿದ್ದರು.

ಡಾಡ್ಜರ್ಸ್ ಅಂದರೆ ಯಾರು ಅಂತ ಹೇಳದಿದ್ದರೆ ಈ ಕಥೆಗೆ ಉಪ್ಪೇ ಇಲ್ಲ. ಎರಡೂ ತಂಡ ನ್ಯೂಯಾರ್ಕ್‌ನಲ್ಲಿ ಹುಟ್ಟಿದವು, 1958ರಿಂದ ಒಟ್ಟಿಗೇ ಕ್ಯಾಲಿಫೋರ್ನಿಯಾಕ್ಕೆ ಬಂದವು, ಜಗಳವನ್ನೂ ಗಂಟುಮೂಟೆಯಲ್ಲಿ ಕಟ್ಟಿಕೊಂಡೇ ಬಂದವು. 2013ರಿಂದ 2020ರವರೆಗೆ ಸತತ ಎಂಟು ವರ್ಷ ಈ ಡಿವಿಷನ್ ಡಾಡ್ಜರ್ಸ್‌ನದೇ. ದುಡ್ಡಿನ ತಂಡ, ಸ್ಟಾರ್‌ಗಳ ತಂಡ. ಜೈಂಟ್ಸ್? ಸೀಸನ್ ಶುರುವಾಗೋ ಮುಂಚೆ ಪಂಡಿತರ ಲೆಕ್ಕದಲ್ಲಿ ಇವರ ಗೆಲುವು ಹೆಚ್ಚೆಂದರೆ 75ರ ಆಸುಪಾಸು. ವಯಸ್ಸಾದವರು, ಬೇರೆ ತಂಡದವರು ಬೇಡ ಅಂದವರು ಸೇರಿದ ಗುಂಪು. ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಬಸ್ಟರ್ ಪೋಸಿ, ದತ್ತು ತಗೊಂಡ ಅವಳಿ ಕೂಸುಗಳು ದಿನ ತುಂಬೋ ಮುಂಚೆ ಹುಟ್ಟಿದ್ದಕ್ಕೆ 2020ರ ಕೋವಿಡ್ ಸೀಸನ್ ಪೂರ್ತಿ ಬಿಟ್ಟು ಮನೆಯಲ್ಲಿ ಕೂತಿದ್ದವರು. ಬ್ರ್ಯಾಂಡನ್ ಬೆಲ್ಟ್ ತಮಾಷೆಗೆ ನಾನೇ ಕ್ಯಾಪ್ಟನ್ ಅಂದಿದ್ದಕ್ಕೆ ಗೆಳೆಯರು ಅಂಗಿಯ ಮೇಲೆ ಕಪ್ಪು ಟೇಪಿನಲ್ಲಿ 'ಸಿ' ಅಂಟಿಸಿದರು. ಸೀಸನ್ ಮುಗಿಯೋಕೆ ಒಂದು ವಾರ ಇರುವಾಗ ಆ ಕ್ಯಾಪ್ಟನ್ನರ ಹೆಬ್ಬೆರಳು ಚೆಂಡು ಬಿದ್ದು ಮುರೀತು. ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ.

ಸ್ಟೇಡಿಯಂನಲ್ಲಿ ನನ್ನ ಪಕ್ಕ ಎಪ್ಪತ್ತು ದಾಟಿದ ಅಜ್ಜ ಒಬ್ಬರು ಕೂತಿದ್ದರು. ನಾಲ್ಕು ರನ್ ಮುಂದಿದ್ದರೂ ಮುಖ ಗಂಟು. ಯಾಕೆ ಅಂದೆ. "1993" ಅಂದರು, ಅಷ್ಟೇ.

ಮನೆಗೆ ಬಂದು ಓದಿದ ಮೇಲೆ ಆ ಗಂಟು ಮುಖ ಅರ್ಥವಾಯ್ತು. 1993ರಲ್ಲಿ ಜೈಂಟ್ಸ್ 103 ಪಂದ್ಯ ಗೆದ್ದಿದ್ದರು. ಅಟ್ಲಾಂಟಾ ಬ್ರೇವ್ಸ್ 104. ಡಿವಿಷನ್ ಗೆಲ್ಲದವರೂ ಪ್ಲೇಆಫ್‌ಗೆ ನುಗ್ಗೋ ವೈಲ್ಡ್ ಕಾರ್ಡ್ ಅನ್ನೋ ಹಿಂಬಾಗಿಲು ಆಗ ಇರಲಿಲ್ಲ. ಡಿವಿಷನ್ ಗೆದ್ದವರು ಒಳಗೆ, ಎರಡನೆಯವರು ಮನೆಗೆ. ಕೊನೆಯ ದಿನ ಬೆಳಿಗ್ಗೆ ಇಬ್ಬರೂ ಸಮ, ಜೈಂಟ್ಸ್ ಸೋತದ್ದು ಡಾಡ್ಜರ್ಸ್ ಕೈಲಿ, 12-1. ಅದೂ ಅಕ್ಟೋಬರ್ 3ನೇ ತಾರೀಖೇ. 1951ರಲ್ಲಿ ಜೈಂಟ್ಸ್‌ನ ಬಾಬಿ ಥಾಮ್ಸನ್ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ಡಾಡ್ಜರ್ಸ್ ಬಾಯಿಂದ ಲೀಗ್ ಕಸಿದ ದಿನವೂ ಅಕ್ಟೋಬರ್ 3. ಪಂಚಾಂಗ ನಂಬದವನೂ ಒಂದು ಸಲ ತಿರುವಿ ಹಾಕಬೇಕು ಅನ್ನಿಸುತ್ತೆ. ಆ ಅಜ್ಜ 28 ವರ್ಷ ಅದನ್ನ ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಇದು ಬರೀ ಲೀಗ್ ಹಂತ ಅಂತ ಅವರ ಮುಂದೆ ಹೇಳಿ ನೋಡಿ.

ಅವತ್ತಿನ ಆಟದಲ್ಲಿ ನನಗೆ ಕಣ್ಣಿಗೆ ಕಟ್ಟಿದ ಹಾಗಿರೋದು ಲೋಗನ್ ವೆಬ್. ಅವರು ಪಿಚರ್, ಅಂದರೆ ಬೌಲರ್. ಆಗೆಲ್ಲ ಪಿಚರ್ ಬ್ಯಾಟ್ ಹಿಡಿದು ಬಂದರೆ ನಮ್ಮಲ್ಲಿ ಹನ್ನೊಂದನೇ ಆಟಗಾರ ಬಂದ ಹಾಗೆ, ಜನ ತಿಂಡಿ ತರೋಕೆ ಏಳ್ತಿದ್ದರು. ನಾನೂ ಬೆಳ್ಳುಳ್ಳಿ ಹಾಕಿದ ಫ್ರೈಸ್ ತರೋಕೆ ಅರ್ಧ ಎದ್ದಿದ್ದೆ. ವೆಬ್ ಹೋಮ್ ರನ್ ಬಾರಿಸಿದರು! ದೊಡ್ಡ ಲೀಗ್‌ನಲ್ಲಿ ಅವರ ಮೊಟ್ಟಮೊದಲನೆಯದು. ಮುಂದಿನ ವರ್ಷದಿಂದ ನಿಯಮ ಬದಲಾಗಿ ಪಿಚರ್‌ಗಳು ಬ್ಯಾಟ್ ಮಾಡೋದೇ ಹೆಚ್ಚುಕಮ್ಮಿ ನಿಂತುಹೋಯ್ತು, ಹಾಗಾಗಿ ಅದು ಇನ್ನೂ ರುಚಿ. ಕೊನೆಗೆ 11-4. ಜೈಂಟ್ಸ್ 107, ಡಾಡ್ಜರ್ಸ್ 106. ಹತ್ತೊಂಬತ್ತನೇ ಶತಮಾನದಿಂದ ಇರೋ ತಂಡದ ಇತಿಹಾಸದಲ್ಲೇ 107 ಹಿಂದೆಂದೂ ಬಂದಿರಲಿಲ್ಲ. ಪಕ್ಕದ ಅಜ್ಜ ಚಪ್ಪಾಳೆ ತಟ್ಟಲಿಲ್ಲ, ಟೋಪಿ ತೆಗೆದು ಮುಖ ಮುಚ್ಚಿಕೊಂಡರು.

ಮುಂದಿನದು ಬೇಗ ಹೇಳಿ ಮುಗಿಸ್ತೀನಿ, ನೋವಿನದು. ಹನ್ನೊಂದನೇ ದಿನಕ್ಕೆ, ಅಕ್ಟೋಬರ್ 14ರಂದು, ಅದೇ ಮೈದಾನದಲ್ಲಿ, ಅದೇ ಡಾಡ್ಜರ್ಸ್ ಎದುರು ಪ್ಲೇಆಫ್ ಸರಣಿಯ ಐದನೇ, ಕೊನೆಯ ಪಂದ್ಯದಲ್ಲಿ ಜೈಂಟ್ಸ್ 2-1ರಿಂದ ಸೋತರು. ಕೊನೆಯ ಎಸೆತಕ್ಕೆ ವಿಲ್ಮರ್ ಫ್ಲೋರೆಸ್ ಬ್ಯಾಟ್ ಬೀಸೋಕೆ ಹೋಗಿ ತಡೆದುಕೊಂಡರು, ಅಂಪೈರ್ ಬೀಸಿದ್ದಾರೆ ಅಂದರು, ಅಂದರೆ ಔಟ್, ಆಟ ಮುಗೀತು. ರಿಪ್ಲೇ ಎಷ್ಟು ಸಲ ನೋಡಿದರೂ ನನಗೆ ಬೀಸಿದ್ದು ಕಾಣಲ್ಲ. ಆ ವರ್ಷ ಇಬ್ಬರೂ ಮುಖಾಮುಖಿಯಾದದ್ದು ಒಟ್ಟು 24 ಸಲ, ಗೆಲುವು 12-12. ತೂಕ ಹಾಕಿದರೆ ತಕ್ಕಡಿ ಅಲ್ಲಾಡಲ್ಲ, ಆದರೂ ಒಬ್ಬರು ಮನೆಗೆ.

ವರ್ಲ್ಡ್ ಸೀರೀಸ್, ಅಂದರೆ ಅಪ್ಪಾಜಿ ಕೇಳಿದ ಕಪ್, ಗೆದ್ದವರು? ಅಟ್ಲಾಂಟಾ. ಲೀಗ್ ಹಂತದಲ್ಲಿ ಅವರು ಗೆದ್ದದ್ದು 88. ಪ್ಲೇಆಫ್‌ಗೆ ಬಂದ ಹತ್ತು ತಂಡಗಳಲ್ಲಿ ಅದೇ ಎಲ್ಲರಿಗಿಂತ ಕಡಿಮೆ. ಅವರು ಚೆನ್ನಾಗಿ ಆಡಿದರು, ಅಲ್ಲ ಅನ್ನಲ್ಲ. ಆದರೆ ವರ್ಷದ ಶ್ರೇಷ್ಠ ತಂಡ ಯಾವುದು ಅಂತ ಒಂದು ತಿಂಗಳ ಆಟ ಹೇಳುತ್ತೋ, ಆರು ತಿಂಗಳ ಆಟ ಹೇಳುತ್ತೋ? ವರ್ಷವೆಲ್ಲ ಓದಿ ರ್‍ಯಾಂಕ್ ಬಂದವನನ್ನ ಕೂರಿಸಿ, ಕೊನೆಗೆ ಕ್ವಿಜ್ ಮಾಡಿ ಇನ್ನೊಬ್ಬನಿಗೆ ಪದಕ ಹಾಕಿದ ಹಾಗಾಯ್ತು ಇದು. 106 ಗೆದ್ದ ಡಾಡ್ಜರ್ಸ್ ಒಂದೇ ಒಂದು ವೈಲ್ಡ್ ಕಾರ್ಡ್ ಪಂದ್ಯದ ಮೇಲೆ ಇಡೀ ವರ್ಷವನ್ನ ಪಣಕ್ಕಿಡಬೇಕಾಯ್ತಲ್ಲ, ಅದೂ ಅನ್ಯಾಯವೇ. ಹೌದು, ಡಾಡ್ಜರ್ಸ್ ಪರವಾಗಿ ನಾನು ಬರೆದ ಮೊದಲ ಮತ್ತು ಕೊನೆಯ ವಾಕ್ಯ ಇದು.

ಪೋಸಿ ಅದೇ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದರು.

ಇದನ್ನೆಲ್ಲ ಅಪ್ಪಾಜಿಗೆ ಕಂತು ಕಂತಾಗಿ ವಿವರಿಸಿ, ಲೀಗ್ ಟೇಬಲ್‌ನಲ್ಲಿ ಮೊದಲು ಬಂದವನೇ ನಿಜವಾದ ಚಾಂಪಿಯನ್ ಅಂತ ಒಪ್ಪಿಸಿದೀನಿ ಅಂದ್ಕೊಂಡಿದ್ದೆ. 2025ರ ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ವಿರುದ್ಧ 6 ರನ್ನಿಂದ ಗೆದ್ದಾಗ ಇಲ್ಲಿ ಬೆಳಿಗ್ಗೆ. ನಾನು ಆಫೀಸ್ ಮೀಟಿಂಗ್ ಬಿಟ್ಟು ಪಾರ್ಕಿಂಗ್ ಲಾಟ್‌ನಲ್ಲಿ ಕುಣೀತಿದ್ದೆ. ಫೋನ್ ಬಂತು.

"ಏನಪ್ಪ, ಪಾಯಿಂಟ್ಸ್ ಟೇಬಲ್‌ನಾಗೆ ಮೊದಲು ಯಾರಿದ್ರು?"

"...ಪಂಜಾಬ್."

"ನಿನ್ನ ಲೆಕ್ಕದಾಗೆ ಕಪ್ ಯಾರಿಗೆ ಹೋಗಬೇಕಿತ್ತು?"

"ಹಲೋ? ಅಪ್ಪಾಜಿ? ಹಲೋ? ಸರಿಯಾಗಿ ಕೇಳಿಸ್ತಿಲ್ಲ, ಆಮೇಲೆ ಮಾಡ್ತೀನಿ."