ಮಾವನ ಮಳೆಗೆ ಒಂದು ಫ್ಲೆಕ್ಸು

ಮಳೆಯ ವಿಷಯದಲ್ಲಿ ತೀರ್ಥಹಳ್ಳಿ ಸೀಮೆಯ ನಮ್ಮ ಮಾವ ಯಾರ ಲೆಕ್ಕವನ್ನೂ ನಂಬುವವರಲ್ಲ. ಅಂಗಳದಲ್ಲಿ ತಾವೇ ನಿಲ್ಲಿಸಿದ ಮಳೆಮಾಪಕವನ್ನು ದಿನಾ ಬೆಳಿಗ್ಗೆ ಕಾಫಿಗೂ ಮೊದಲು ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಯಾವಾಗ ಹೊಳವಾದೀತೆಂದು ಊರವರು ಕೇಳುವುದೂ ಅವರನ್ನೇ. ಆ ಅಂಕಿಗಳನ್ನು ನಕ್ಷೆ ಮಾಡಿ ಸೊಸೈಟಿಯ ಸಭೆಯಲ್ಲಿ ಫ್ಲೆಕ್ಸ್ ಕಟ್ಟಿಸಬೇಕೆಂದು ಅವರಿಗೆ ಮನಸ್ಸಾದದ್ದೇ ತಡ, ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ಮಗನಿಗೆ ಕೆಲಸ ಬಿತ್ತು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಕ್ಷೆ ಬಿಡಿಸುವ ಸಲಕರಣೆಯಾದ ಮ್ಯಾಟ್‌ಪ್ಲಾಟ್‌ಲಿಬ್ ಪರದೆಯ ಮೇಲೆ ಕಂಬಗಳನ್ನು ಚೆನ್ನಾಗಿಯೇ ನಿಲ್ಲಿಸಿತು; ಜುಲೈ ಕಂಬವನ್ನು ಕಂಡು ಮಾವ ಕೊಡೆ ಹುಡುಕುವುದೊಂದು ಬಾಕಿ. ಅವರು ಕಣ್ತುಂಬ ನೋಡಿದ ಮೇಲೆ ಕಿಟಕಿ ಮುಚ್ಚಿ, ಉಳಿಸಿದ ಕಡತವನ್ನು ತೆರೆದರೆ ಅಪ್ಪಟ ಬಿಳಿ. ಹುಡುಗ ಮೊದಲು ಚಿತ್ರ ತೋರಿಸುವ ಆಜ್ಞೆಯಾದ ಶೋ ಎಂದೂ ಅದರ ಕೆಳಗೆ ಉಳಿಸುವ ಆಜ್ಞೆಯಾದ ಸೇವ್‌ಫಿಗ್ ಎಂದೂ ಬರೆದಿದ್ದ. ಶೋ ತೆರೆದ ಕಿಟಕಿಯನ್ನು ಮುಚ್ಚಿದೊಡನೆ ಆ ಚಿತ್ರದ ಋಣ ತೀರಿತು. ಹಿಂದಿನಿಂದ ಬಂದ ಸೇವ್‌ಫಿಗ್, ಉಳಿಸಲು ಏನೂ ಸಿಗದೆ, ತಾನೇ ಹೊಸದೊಂದು ಖಾಲಿ ಚಿತ್ರವನ್ನು ಹುಟ್ಟಿಸಿಕೊಂಡು ಅದನ್ನೇ ವಿಧೇಯವಾಗಿ ಉಳಿಸಿತ್ತು. ತಪ್ಪಾಯಿತೆಂಬ ಒಂದು ಕೆಂಪಕ್ಷರವೂ ಇಲ್ಲ. ಬೈಯುವ ಫಂಕ್ಷನ್ನುಗಳನ್ನು ಸಹಿಸಬಹುದು, ಈ ಮೌನಿಗಳನ್ನು ನಂಬಬಾರದು ಎನ್ನುವುದು ನನ್ನ ಅಭಿಪ್ರಾಯ. ‘ಈ ಸಲ ಬರಗಾಲವೇನೋ’ ಎಂದರು ಮಾವ.

ಸಾಲುಗಳನ್ನು ಅದಲುಬದಲು ಮಾಡಿದಾಗ ಕಂಬಗಳು ಬಂದವು, ಹೆಸರುಗಳು ಕೈಕೊಟ್ಟವು. ಓರೆಯಾಗಿ ನಿಂತ ತಿಂಗಳುಗಳು ಅಂಚಿಗೆ ಸಿಕ್ಕಿ ತುಂಡಾಗಿದ್ದವು. ಅಂಚನ್ನು ಚಿತ್ರಕ್ಕೆ ತಕ್ಕಂತೆ ಹೊಂದಿಸುವ ಬಿಬಾಕ್ಸ್ ಇಂಚಸ್‌ಗೆ ಟೈಟ್ ಎಂದು ಕೊಟ್ಟ ಮೇಲೆ ಒಳಗೆ ಬಂದವಾದರೂ ಬಂದದ್ದು ಬರೀ ಚೌಕಗಳು, ಏಕೆಂದರೆ ಅದರ ಮಾಮೂಲಿ ಫಾಂಟಾದ ಡೇಜಾವು ಸ್ಯಾನ್ಸ್‌ನಲ್ಲಿ ಕನ್ನಡವೇ ಇಲ್ಲ. ಕನ್ನಡದ ನೋಟೋ ಫಾಂಟು ಹಾಕಿದರೆ ಅಕ್ಷರ ಮೂಡಿತು, ಒತ್ತು ಮೂಡಲಿಲ್ಲ. ನಮ್ಮಲ್ಲಿದ್ದ ಆವೃತ್ತಿಗೆ ಅಕ್ಷರಗಳನ್ನು ಕೂಡಿಸುವ ವಿದ್ಯೆ ಗೊತ್ತಿರಲಿಲ್ಲವಾಗಿ, ‘ಸೆಪ್ಟೆಂಬರ್’ನ ಪಕಾರವೂ ಟಕಾರವೂ ಹಿಸ್ಸೆಯಾದ ಅಣ್ಣತಮ್ಮಂದಿರ ಹಾಗೆ ಬೇರೆಬೇರೆ ನಿಂತಿದ್ದವು. ತಿಂಗಳಿಗೆ ಅಂಕಿಯೇ ಸಾಕು, ಶೀರ್ಷಿಕೆಯನ್ನು ಅಂಗಡಿಯಲ್ಲಿ ಬರೆಸೋಣ ಎಂದಾಯಿತು.

ಫ್ಲೆಕ್ಸ್ ಅಂಗಡಿಯವನು ಪಿಎನ್‌ಜಿ ಕಡತವನ್ನು ಹಿಗ್ಗಿಸಿ ನೋಡಿ ನಕ್ಕ. 6.4 ಇಂಚು ಅಗಲ, 4.8 ಇಂಚು ಎತ್ತರ, ಇಂಚಿಗೆ 100 ಚುಕ್ಕಿ, ಅಂದರೆ ಹೆಚ್ಚುಕಡಿಮೆ 640ಕ್ಕೆ 480. ಏನೂ ಹೇಳದಿದ್ದರೆ ಸೇವ್‌ಫಿಗ್ ಕೊಡುವುದೇ ಇಷ್ಟು. ಡಿಪಿಐಯನ್ನು, ಅಂದರೆ ಇಂಚಿಗೆ ಬೀಳುವ ಚುಕ್ಕಿಗಳನ್ನು, 300ಕ್ಕೆ ಏರಿಸುತ್ತೇನೆಂದು ಹುಡುಗ ಲ್ಯಾಪ್‌ಟಾಪ್ ತೆಗೆದಾಗ, ‘ಪಿಡಿಎಫ್ ಕೊಡಿ ಮಾರಾಯ್ರೆ, ಎಷ್ಟು ಎಳೆದ್ರೂ ಗೆರೆ ಒಡೆಯಲ್ಲ’ ಎಂದ ಅಂಗಡಿಯವನು, ಪೈಥಾನನ್ನು ಕನಸಿನಲ್ಲಿಯೂ ಕಾಣದವನು. ಹುಡುಗ ಕಡತದ ಹೆಸರಿನ ಬಾಲವನ್ನಷ್ಟೇ ಬದಲಿಸಿದ. ಉಳಿದದ್ದನ್ನು ಸೇವ್‌ಫಿಗ್ ತಾನಾಗಿ ಅರ್ಥಮಾಡಿಕೊಂಡಿತು.

ಫ್ಲೆಕ್ಸ್ ಎಂದ ಮೇಲೆ ಫೋಟೊ ಬೇಡವೇ, ಜುಲೈ ಕಂಬವನ್ನು ಸ್ವಲ್ಪ ಗಿಡ್ಡ ಮಾಡಿದರೆ ಜಾಗವಾಗುತ್ತದೆ ಎಂದು ಅಂಗಡಿಯವನು ಸೂಚಿಸಿದ. ಮಾವ ಕೆರಳಿದರು. ‘ಜುಲೈ ಮುಟ್ಟಬೇಡ. ಜನವರಿ ಮೇಲೆ ಖಾಲಿಯೇ ಇದೆಯಲ್ಲ, ಅಲ್ಲಿ ಹಾಕು.’