ಬಸ್ಸು ನಿಲ್ಲಿಸಿದವರ ಪರವಾಗಿ

ಫುಟ್ಬಾಲಿನಲ್ಲಿ ಗೋಲಿನ ಮುಂದೆ ಬಸ್ಸು ನಿಲ್ಲಿಸಿದ ಹಾಗೆ ಅಡ್ಡ ನಿಂತು ಡಿಫೆನ್ಸ್ ಆಡುವ ತಂಡ ಕಂಡರೆ ಮೂಗು ಮುರಿಯುವವರ ಜೊತೆ ನನ್ನದು ಹಳೇ ಜಗಳ. ಈ ಸಲ ಕಾಸರಗೋಡು ಕಡೆಯ ನಮ್ಮೂರ ಸೆವೆನ್ಸ್ (ತಂಡಕ್ಕೆ ಏಳೇ ಜನರ ಫುಟ್ಬಾಲ್) ಟೂರ್ನಮೆಂಟಿನ ನೆಪದಲ್ಲಿ ಅದು ಮತ್ತೆ ಹೊತ್ತಿಕೊಂಡಿದೆ. ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೆ ಉತ್ತರ ಕೊಟ್ಟು ಬೆರಳು ನೋಯುತ್ತಿರುವುದರಿಂದ ಎಲ್ಲರಿಗೂ ಸೇರಿಸಿ ಇಲ್ಲೇ ಬರೆದುಬಿಡುತ್ತೇನೆ. ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ನಡೆದದ್ದಿಷ್ಟು. ಕೊಯ್ಲಾದ ಗದ್ದೆ, ಅಡಿಕೆ ಮರ ಕಟ್ಟಿ ಮಾಡಿದ ಗ್ಯಾಲರಿ, ರಾತ್ರಿ ಲೈಟು. ಒಂದು ಕಡೆ ನಮ್ಮ ಹುಡುಗರು. ಒಬ್ಬನಿಗೆ ಉಪ್ಪಳದಲ್ಲಿ ಮೊಬೈಲ್ ಅಂಗಡಿ, ಒಬ್ಬ ಪೈಂಟಿಂಗ್ ಕೆಲಸದವನು, ಇಬ್ಬರು ಕಾಲೇಜು ಮಕ್ಕಳು, ಗೋಲಿ (ಗೋಲ್‌ಕೀಪರ್) ಗಲ್ಫಿನಿಂದ ರಜೆಯಲ್ಲಿ ಬಂದವನು. ಇನ್ನೊಂದು ಕಡೆ ದುಡ್ಡು ಕೊಟ್ಟು ಕರೆಸಿದ ಆಟಗಾರರು, ಅದರಲ್ಲಿಬ್ಬರು ಆಫ್ರಿಕಾದವರು. ನಮ್ಮವರು ಐದು ಜನ ಗೋಲಿಯ ಮುಂದೆ ಸಾಲುಕಟ್ಟಿ ನಿಂತರು, ಒಬ್ಬನನ್ನು ಮಾತ್ರ ಮುಂದೆ ಬಿಟ್ಟರು. ಕೊನೆಯವರೆಗೆ ಗೋಲಿಲ್ಲ. ಪೆನಾಲ್ಟಿಯಲ್ಲಿ ಗೆದ್ದದ್ದು ನಮ್ಮವರೇ. ಆದರೆ ಗ್ಯಾಲರಿಯಿಂದ ಬಂದದ್ದೆಲ್ಲ ಬೈಗುಳ. "ದುಡ್ಡು ಕೊಟ್ಟು ಬಂದದ್ದು ಇದನ್ನು ನೋಡ್ಲಿಕ್ಕಾ?" ಊರಿನವರೇ, ಗೆದ್ದ ಊರಿನ ಹುಡುಗರಿಗೇ, ಹೇಡಿಗಳು ಅಂದದ್ದು ನನಗೆ ಅರಗಲಿಲ್ಲ.

(ಗಡಿನಾಡ ಕನ್ನಡಿಗ, ಆತ್ಮರಕ್ಷಣೆ ಅಂತ ಇದರಲ್ಲಿ ರೂಪಕ ಹುಡುಕುವವರು ದಯವಿಟ್ಟು ಬೇರೆ ಪೋಸ್ಟಿಗೆ ಹೋಗಿ. ನಾನು ಬರೆಯುತ್ತಿರುವುದು ಫುಟ್ಬಾಲಿನ ಬಗ್ಗೆ ಮಾತ್ರ.)

ಮಾರಾಯ್ರೆ, ಆ ಹುಡುಗರು ಮತ್ತೇನು ಮಾಡಬೇಕಿತ್ತು? ಸೆವೆನ್ಸ್ ಗ್ರೌಂಡು ಸಣ್ಣದು. ನಡುವಿನಲ್ಲಿ ಒಂದು ಚೆಂಡು ಕಳಕೊಂಡರೆ ಮೂರು ಹೆಜ್ಜೆ ಓಡಿ ಗೋಲಿಗೇ ಹೊಡೆಯಬಹುದು. ಹಗಲೆಲ್ಲ ಕೆಲಸ ಮಾಡಿ ಬಂದವರು, ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರ ಎದುರು ಎದೆ ತೆರೆದು ಆಡಿ ಆರು ಗೋಲು ತಿಂದಿದ್ದರೆ, ಇದೇ ಗ್ಯಾಲರಿ "ಇವರಿಗೆ ಯಾಕೆ ಬೇಕಿತ್ತು ಟೂರ್ನಮೆಂಟು" ಅಂತ ನಗುತ್ತಿತ್ತು.

ನಮ್ಮ ಪೇಟೆಯಲ್ಲಿ ಚಹಾದಂಗಡಿ ಇಟ್ಟಿರುವ ಒಬ್ಬರಿದ್ದಾರೆ, ಹಿಂದೆ ಒಳ್ಳೇ ಸ್ಟಾಪರ್ ಬ್ಯಾಕ್, ಅಂದರೆ ನಡುವೆ ನಿಂತು ತಡೆಯುವವರು. ಬೇಕೂಂತಲೇ ಕೆಣಕಿದೆ.

"ಇಚ್ಚಾ, ಮೊನ್ನೆ ನಮ್ಮವರು ಆಡಿದ್ದು ಆಟವಾ?"

"ಮಾಷ್ಟ್ರೇ, ನೀವು ಚೆಂಡು ನೋಡ್ತಾ ಕೂತಿದ್ರಿ. ನಾನು ನಮ್ಮ ನಾಲ್ಕನೇ ನಂಬರಿನವನನ್ನು ನೋಡ್ತಾ ಇದ್ದೆ. ಎದುರಿನ ಫಾರ್ವರ್ಡಿಗೆ ಎಡಗಾಲು ಬರುದಿಲ್ಲ ಅಂತ ಅವನಿಗೆ ಶುರುವಿಗೇ ಗೊತ್ತಾಯ್ತು. ಮತ್ತೆ ಇಡೀ ಆಟ ಅವನನ್ನು ಎಡಕ್ಕೇ ದೂಡಿದ. ಮುಟ್ಟಲೇ ಇಲ್ಲ. ಒಂದು ಫೌಲಿಲ್ಲ."

"ಅದು ಹೇಗೆ ಸಾಧ್ಯ?"

"ಕಾಲು ನೋಡಿದ್ರೆ ಮೋಸ ಹೋಗ್ತೀರಿ. ಸೊಂಟ ನೋಡ್ಬೇಕು. ಕಾಲು ಸುಳ್ಳು ಹೇಳ್ತದೆ, ಸೊಂಟಕ್ಕೆ ಆಗುದಿಲ್ಲ."

ಇಷ್ಟು ಹೇಳಿ ಅವರು ಚಹಾ ಎತ್ತಿ ಹೊಯ್ಯಲು ತಿರುಗಿದರು. ಗ್ಯಾಲರಿಯಲ್ಲಿ ಕೂತವರಲ್ಲಿ ಎಷ್ಟು ಜನ ಆ ನಾಲ್ಕನೇ ನಂಬರಿನವನನ್ನು ನೋಡಿದ್ದಾರು?

ಹಾಗಂತ ಡಿಫೆನ್ಸ್ ಯಾರು ಆಡಿದರೂ ಸರಿ ಎನ್ನುವವನಲ್ಲ ನಾನು. ನನ್ನ ಮಟ್ಟಿಗೆ ಕೇಳಬೇಕಾದ್ದು ಒಂದೇ: ಬಾಗಿಲು ಹಾಕಿ ಕೂತವನ ಹತ್ತಿರ ಬೇರೆ ದಾರಿ ಇತ್ತಾ, ಇರಲಿಲ್ವಾ? ಇಲ್ಲದವನು ಕೂತರೆ ಅದು ಬುದ್ಧಿ. ಇದ್ದವನು ಕೂತರೆ ಜಿಪುಣತನ.

ಇಲ್ಲದವನು ಅಂದರೆ ನನಗೆ ಮೊದಲು ನೆನಪಾಗುವುದು 2022ರ ಕತಾರ್ ವಿಶ್ವಕಪ್ಪಿನ ಮೊರಾಕ್ಕೊ. ಕೋಚ್ ವಾಲಿದ್ ರೆಗ್ರಾಗಿ ತಂಡ ಹಿಡಿದದ್ದು ವಿಶ್ವಕಪ್ಪಿಗೆ ಕೆಲವೇ ತಿಂಗಳು ಮೊದಲು. ಸೆಮಿಫೈನಲ್‌ವರೆಗೆ ಆ ತಂಡಕ್ಕೆ ಬಿದ್ದದ್ದು ಒಂದೇ ಗೋಲು, ಅದೂ ಕೆನಡಾ ಎದುರು ತನ್ನದೇ ಡಿಫೆಂಡರ್ ಕಾಲಿಗೆ ತಾಗಿ ಒಳಗೆ ಹೋದದ್ದು. ಸ್ಪೇನಿನವರು 120 ನಿಮಿಷದಲ್ಲಿ ಸಾವಿರಕ್ಕೂ ಹೆಚ್ಚು ಪಾಸ್ ಮಾಡಿದರು. ಆಚೆ, ಈಚೆ, ಹಿಂದೆ, ಮತ್ತೆ ಆಚೆ. ಒಂದೂ ಒಳಗೆ ಹೋಗಲಿಲ್ಲ. ಪೆನಾಲ್ಟಿ ಶೂಟೌಟಿನಲ್ಲೂ ಸ್ಪೇನಿಗೆ ಸೊನ್ನೆ: ಒಂದು ಕಂಬಕ್ಕೆ ಬಡಿಯಿತು, ಎರಡನ್ನು ಮೊರಾಕ್ಕೊದ ಗೋಲಿ ಬುನು ಹಿಡಿದ. ಆಮೇಲೆ ಪೋರ್ಚುಗಲ್. ಮೊರಾಕ್ಕೊದ ಡಿಫೆನ್ಸ್ ಜೋಡಿಯಲ್ಲಿ ಅಗೆರ್ದ್ ಗಾಯಗೊಂಡು ಹೊರಗೆ, ಕ್ಯಾಪ್ಟನ್ ಸಾಯಿಸ್‌ನನ್ನು ಆಟದ ನಡುವೆ ಸ್ಟ್ರೆಚರಿನಲ್ಲಿ ಹೊತ್ತು ತಂದರು. ಆದರೂ ಅವರ ಅನ್ನಸೀರಿ ಹೆಡರಿನಲ್ಲಿ ಒಂದು ಗೋಲು ಹೊಡೆದ, ಉಳಿದವರು ಅದನ್ನು ಕೊನೆವರೆಗೆ ಕಾದರು. ಆಫ್ರಿಕಾದ ಒಂದು ತಂಡ ಮೊದಲ ಸಲ ವಿಶ್ವಕಪ್ ಸೆಮಿಫೈನಲ್ ತಲುಪಿದ್ದು ಹೀಗೆ. ಆ ದಿನಗಳಲ್ಲಿ ಉಪ್ಪಳ, ಕುಂಬಳೆಯ ಕಡೆ ಮೊರಾಕ್ಕೊ ಬಾವುಟ ಹಿಡಿದು ಬೈಕ್ ಓಡಿಸಿದವರೇ ಮೊನ್ನೆ ಗ್ಯಾಲರಿಯಲ್ಲಿ ಕೂಗಿದ್ದು. ಹೆಸರು ಹೇಳುವುದಿಲ್ಲ, ಫೋಟೋ ನನ್ನ ಹತ್ತಿರ ಉಂಟು.

ಇನ್ನು ಜಿಪುಣತನಕ್ಕೆ ಬರುವ. 2021ರ ಜುಲೈ, ಯೂರೋ (ಯುರೋಪಿನ ದೇಶಗಳ ಕಪ್) ಫೈನಲ್, ಲಂಡನ್ನಿನ ವೆಂಬ್ಲಿ. ಇಂಗ್ಲೆಂಡಿನ ಲ್ಯೂಕ್ ಶಾ ಎರಡು ನಿಮಿಷ ತುಂಬುವ ಮೊದಲೇ ಗೋಲು ಹೊಡೆದ. ಸ್ವಂತ ನೆಲ, ಸ್ವಂತ ಜನ, ಬೆಂಚಿನಲ್ಲಿ ಸಾಂಚೊ, ರಾಶ್‌ಫರ್ಡ್, ಸಾಕಾ. ಬೇರೆ ದೇಶದವರು ಅಂಥ ಬೆಂಚಿಗೆ ಹರಕೆ ಹೊತ್ತಾರು. ಅವರು ಮಾಡಿದ್ದೇನು? ಮೆಲ್ಲ ಮೆಲ್ಲ ಹಿಂದೆ ಸರಿದು, ಸಿಕ್ಕಿದ ಒಂದು ಗೋಲನ್ನು ಕಾಯುತ್ತಾ ಕೂತರು. ಎರಡನೇ ಹಾಫಿನಲ್ಲಿ ಇಟಲಿಯ ಬೊನೂಚಿ ಸಮ ಮಾಡಿದ. ರಾಶ್‌ಫರ್ಡ್ ಮತ್ತು ಸಾಂಚೊನನ್ನು ಇಳಿಸಿದ್ದು ಎಕ್ಸ್‌ಟ್ರಾ ಟೈಮಿನ ಕೊನೆಗೆ, ಪೆನಾಲ್ಟಿ ಹೊಡೆಯಲೆಂದು. ಇಬ್ಬರೂ ತಪ್ಪಿದರು, ಕಪ್ಪು ಇಟಲಿಗೆ ಹೋಯಿತು. ಬೈಯುವುದಿದ್ದರೆ ಇಂಥವರನ್ನು ಬೈಯಿರಿ, ನಾನೂ ಜೊತೆಗೆ ಬರುತ್ತೇನೆ.

ಚೆಂದದ ಆಟ ಅಂತ ನಾವು ಹೊಗಳುವುದರಲ್ಲೂ ಅರ್ಧ ಡಿಫೆನ್ಸೇ ಇರುತ್ತದೆ. 2010ರಲ್ಲಿ ವಿಶ್ವಕಪ್ ಗೆದ್ದ ಸ್ಪೇನಿನವರದ್ದು ಆಕ್ರಮಣದ ಆಟ ಅಂತ ಎಲ್ಲರ ನೆನಪು. ಲೆಕ್ಕ ತೆಗೆದು ನೋಡಿ: ಏಳು ಮ್ಯಾಚಿನಲ್ಲಿ ಹೊಡೆದದ್ದು ಬರೀ ಎಂಟು ಗೋಲು, ತಿಂದದ್ದು ಎರಡು. ನಾಕೌಟಿನ ನಾಲ್ಕೂ ಮ್ಯಾಚು 1-0. ಚೆಂಡು ತಮ್ಮ ಕಾಲಲ್ಲೇ ಇಟ್ಟುಕೊಂಡರೆ ಎದುರಿನವನು ಗೋಲು ಹೊಡೆಯುವುದು ಯಾವುದರಿಂದ? 2004ರಲ್ಲಿ ಗ್ರೀಸ್ ಯೂರೋ ಗೆದ್ದಾಗಲೂ ನಾಕೌಟಿನ ಮೂರು ಮ್ಯಾಚು 1-0 ಆಗಿಯೇ ಮುಗಿದವು. ಅವರಿಗೆ ಸಿಕ್ಕಿದ್ದು ಬೋರು ಎನ್ನುವ ಬಿರುದು, ಸ್ಪೇನಿಗೆ ಕಲಾವಿದರು ಎನ್ನುವ ಬಿರುದು. ಸ್ಪೇನಿನ ಆಟ ನೋಡಲು ಹೆಚ್ಚು ಚೆಂದ ಅಂತ ನಾನೂ ಒಪ್ಪುತ್ತೇನೆ, ಆದರೆ ಬಿರುದಿನ ಅಂತರ ಸ್ವಲ್ಪ ಜಾಸ್ತಿಯಾಯಿತು.

ಅರ್ಜೆಂಟೀನಾ ಅಭಿಮಾನಿಗಳಿಗೆ ಒಂದು ಮಾತು ಪ್ರತ್ಯೇಕ ಹೇಳಲೇಬೇಕು, ಯಾಕಂದರೆ ಗ್ಯಾಲರಿಯಲ್ಲಿ ಜೋರು ದನಿ ನಿಮ್ಮದೇ. ನಿಮ್ಮ ಮನೆಯೊಳಗೇ ಈ ಜಗಳ ಉಂಟು. 1978ರಲ್ಲಿ ಕಪ್ ಗೆದ್ದ ಕೋಚ್ ಮೆನೋಟ್ಟಿಗೆ ಮುಕ್ತವಾಗಿ, ಚೆಂದವಾಗಿ ಆಡಬೇಕು. 1986ರಲ್ಲಿ ಗೆದ್ದ ಬಿಲಾರ್ಡೊಗೆ ಗೆದ್ದರೆ ಸಾಕು. ಅಲ್ಲಿನವರು ಇವತ್ತಿಗೂ ಇವರಿಬ್ಬರ ಹೆಸರಲ್ಲಿ ಎರಡು ಪಕ್ಷ. ನಮ್ಮ ಕೇರಳದಲ್ಲಿ ನೀಲಿ ಬಿಳಿ ಬಾವುಟ ಇಷ್ಟು ಹಾರುವುದಕ್ಕೆ 1986ರ ಮರಡೋನಾನೇ ಕಾರಣ ಅನ್ನುತ್ತೇವೆ. ಆ ಮರಡೋನಾನ ಹಿಂದೆ ಗೋಡೆ ಕಟ್ಟಿ ಅವನನ್ನು ಮಾತ್ರ ಕಡಿವಾಣವಿಲ್ಲದೆ ಓಡಾಡಲು ಬಿಟ್ಟದ್ದು ಬಿಲಾರ್ಡೊ. 1990ರಲ್ಲಿ ಇದೇ ಬಿಲಾರ್ಡೊನ ತಂಡ ಆರು ಮ್ಯಾಚಿನಲ್ಲಿ ಐದೇ ಗೋಲು ಹೊಡೆದು ಫೈನಲಿಗೆ ಹೋಯಿತು. ಬ್ರೆಜಿಲ್ ಇಡೀ ಹೊತ್ತು ದಾಳಿ ಮಾಡಿತು, ಮರಡೋನಾ ಒಂದು ಪಾಸ್ ಕೊಟ್ಟ, ಕನೀಜಿಯಾ ಗೋಲು ಹೊಡೆದ, ಮುಗಿಯಿತು. ಆ ವೀಡಿಯೋ ನೀವು ಪ್ರತಿ ವರ್ಷ ಸ್ಟೇಟಸ್ ಹಾಕುತ್ತೀರಿ. ಅದು ಬಸ್ಸು ನಿಲ್ಲಿಸಿ ಗೆದ್ದ ಮ್ಯಾಚಲ್ಲವೋ?

ಆದರೆ ಆ 1990ರ ವಿಶ್ವಕಪ್ ಒಟ್ಟಾರೆ ನೋಡಲು ಕಷ್ಟ. ಮ್ಯಾಚಿಗೆ ಸರಾಸರಿ 2.21 ಗೋಲು, ವಿಶ್ವಕಪ್ ಚರಿತ್ರೆಯಲ್ಲೇ ಕಡಿಮೆ. ಒಂದು ಗೋಲಾದ ಮೇಲೆ ಬ್ಯಾಕ್ ಚೆಂಡನ್ನು ತನ್ನ ಗೋಲ್‌ಕೀಪರಿಗೆ ತಳ್ಳುವುದು, ಅವನು ಕೈಯಲ್ಲಿ ಎತ್ತಿಕೊಳ್ಳುವುದು, ಮತ್ತೆ ಬ್ಯಾಕಿಗೆ ಕೊಡುವುದು, ಮತ್ತೆ ಎತ್ತಿಕೊಳ್ಳುವುದು. ಹೊತ್ತು ಕೊಲ್ಲುವ ಕೆಲಸ. 1992ರಲ್ಲಿ ನಿಯಮವೇ ಬದಲಾಯಿತು: ಬೇಕೆಂದೇ ಕಾಲಲ್ಲಿ ಹಿಂದೆ ಕೊಟ್ಟ ಚೆಂಡನ್ನು ಗೋಲಿ ಕೈಯಲ್ಲಿ ಮುಟ್ಟುವಂತಿಲ್ಲ. 1994ರ ವಿಶ್ವಕಪ್ಪಿನಿಂದ ಗೆದ್ದರೆ ಎರಡರ ಬದಲು ಮೂರು ಪಾಯಿಂಟು. ಹುಡುಗರಿಗೆ ಹೇಡಿ ಅನ್ನುವುದಕ್ಕಿಂತ ಇಂಥ ದಾರಿ ಎಷ್ಟೋ ಮೇಲು. ಆಟ ನಿಂತ ನೀರಾಗುತ್ತಿದೆ ಅನಿಸಿದರೆ ನಿಯಮ ಸರಿಮಾಡಿ.

ಕಬಡ್ಡಿಯವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ನಮ್ಮಲ್ಲಿ ಕಬಡ್ಡಿಗೂ ಫುಟ್ಬಾಲಿಗೂ ಹೆಚ್ಚುಕಡಿಮೆ ಅದೇ ಜನ, ಅದೇ ಗದ್ದೆ. ರೈಡರ್ ವಾಪಸು ಹೋಗುವಾಗ ಮೂಲೆಯವನು ಹಾರಿ ಹಿಮ್ಮಡಿ ಹಿಡಿದರೆ ಗ್ಯಾಲರಿ ಎದ್ದು ನಿಲ್ಲುತ್ತದೆ. ಅದೇ ಗ್ಯಾಲರಿ ಫುಟ್ಬಾಲಿನಲ್ಲಿ ಬ್ಯಾಕ್ ಜಾರಿ ಚೆಂಡು ಕಿತ್ತರೆ ಕಡಲೆ ತಿನ್ನುತ್ತಿರುತ್ತದೆ. ಯಾಕೆ? ಕಬಡ್ಡಿಯಲ್ಲಿ ಹಿಡಿದವನಿಗೆ ಪಾಯಿಂಟ್ ಉಂಟು. ಮೂರೋ ಅದಕ್ಕಿಂತ ಕಡಿಮೆಯೋ ಜನ ಉಳಿದಿರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ರೈಡರ್ ಸುಮ್ಮನೆ ಹೋಗಿ ಬಂದು ಮಾಡುವಂತೆಯೂ ಇಲ್ಲ. ಪ್ರೊ ಕಬಡ್ಡಿಯಲ್ಲಿ ಸಾಲಾಗಿ ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ, ಪಾಯಿಂಟ್ ತರಬೇಕು, ಇಲ್ಲದಿದ್ದರೆ ಔಟ್. ಫುಟ್ಬಾಲಿನ ಬ್ಯಾಕಿಗೆ ಬೋರ್ಡಿನಲ್ಲಿ ಬರೆಯುವಂಥದ್ದು ಏನೂ ಸಿಗುವುದಿಲ್ಲ. ಅವನ ಹೆಸರು ಮೈಕಿನಲ್ಲಿ ಬರುವುದು ಅವನು ತಪ್ಪಿದಾಗ.

ನಮ್ಮ ಜಿಲ್ಲೆಯದ್ದೇ ಉದಾಹರಣೆ. ಕೊಚ್ಚಿಯಲ್ಲಿ 2016ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ತೃಕ್ಕರಿಪುರದ ಮೊಹಮ್ಮದ್ ರಫಿ ಕೇರಳ ಬ್ಲಾಸ್ಟರ್ಸ್‌ಗೆ ಹೊಡೆದ ಹೆಡರ್ ಇಲ್ಲಿ ಯಾರಿಗೂ ಮರೆತಿಲ್ಲ. ಹಾಫ್‌ಟೈಮಿಗೆ ಮೊದಲೇ ಕಾರ್ನರ್ ಕಿಕ್ಕಿಗೆ ತಲೆ ಕೊಟ್ಟು ಅದನ್ನು ಸಮ ಮಾಡಿದ ಕೋಲ್ಕತ್ತಾದ ಸೆರೆನೊ ಒಬ್ಬ ಡಿಫೆಂಡರ್ ಎನ್ನುವುದು ಎಷ್ಟು ಜನರಿಗೆ ನೆನಪುಂಟು? ಕಪ್ಪು ಹೋದದ್ದು ಪೆನಾಲ್ಟಿಯಲ್ಲಿ. 2022ರ ಫೈನಲಿಗೆ ನಮ್ಮ ಕಡೆಯಿಂದ ಹಳದಿ ಜರ್ಸಿ ಹಾಕಿಕೊಂಡು ಮಡಗಾಂವಿಗೆ ರೈಲು ಹತ್ತಿದವರಿದ್ದಾರೆ. ಅಲ್ಲಿ ಶೂಟೌಟಿನಲ್ಲಿ ಬ್ಲಾಸ್ಟರ್ಸಿನ ಮೂರು ಪೆನಾಲ್ಟಿ ತಡೆದು ಹೈದರಾಬಾದಿಗೆ ಕಪ್ ಕೊಡಿಸಿದ ಗೋಲಿ ಲಕ್ಷ್ಮೀಕಾಂತ್ ಕಟ್ಟಿಮನಿ. ಅವನು ಗೋವಾದವನು, ಹೆಸರು ಮಾತ್ರ ಅಪ್ಪಟ ನಮ್ಮದು. ಅಳುತ್ತಾ ಬಂದವರಿಗೆ ಅದನ್ನು ಹೇಳಿ ನಾನು ಪೆಟ್ಟು ತಿನ್ನುವುದೊಂದು ಬಾಕಿ.

ಬರೀ ತಡೆದರೆ ಎಲ್ಲಿಗೆ ಮುಟ್ಟುತ್ತೇವೆ ಎನ್ನುವುದಕ್ಕೂ ನಮ್ಮಲ್ಲೇ ಸಾಕ್ಷಿ ಉಂಟು. 2019ರ ಸೆಪ್ಟೆಂಬರಿನಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಭಾರತ ದೋಹಾಕ್ಕೆ ಹೋಗಿ ಏಷ್ಯಾ ಚಾಂಪಿಯನ್ ಕತಾರನ್ನು 0-0ಗೆ ನಿಲ್ಲಿಸಿತು. ಕ್ಯಾಪ್ಟನ್ ಛೆತ್ರಿ ಇಲ್ಲದ ತಂಡ. ಗುರ್‌ಪ್ರೀತ್ ಬಲೆಯ ಮುಂದೆ ಆ ದಿನ ನಿಂತ ರೀತಿ ನೋಡಿದವರು ಮರೆಯಲಿಕ್ಕಿಲ್ಲ. ಮುಂದಿನ ತಿಂಗಳು ಕೋಲ್ಕತ್ತಾದಲ್ಲಿ ಬಾಂಗ್ಲಾದೇಶ. ಈಗ ಬಾಗಿಲು ಹಾಕಿ ಕೂರುವ ಸರದಿ ಎದುರಿನವರದ್ದು, ತೆರೆಯುವ ಕೆಲಸ ನಮ್ಮದು. ನಮಗೆ ತೆರೆಯಲು ಬರಲಿಲ್ಲ. ಕೊನೆಗೆ ಹೆಡ್ ಮಾಡಿ 1-1 ಮಾಡಿ ಮಾನ ಉಳಿಸಿದವನು ಡಿಫೆಂಡರ್ ಆದಿಲ್ ಖಾನ್. ಆ ಗುಂಪಿನಿಂದ ನಾವು ಮುಂದಿನ ಸುತ್ತಿಗೆ ಹೋಗಲೇ ಇಲ್ಲ. ತಡೆಯುವುದನ್ನು ಆರೇಳು ತಿಂಗಳಲ್ಲಿ ಕಲಿಸಬಹುದು. ಮುಚ್ಚಿದ ಬಾಗಿಲು ತೆರೆಯುವ ಕಾಲನ್ನು ಹತ್ತು ವಯಸ್ಸಿನಿಂದ ಸಾಕಬೇಕು, ಅದಕ್ಕೆ ಗ್ರೌಂಡು ಬೇಕು, ಕೋಚ್ ಬೇಕು, ಲೀಗ್ ಬೇಕು. ಇದೇ ಭಾರತಕ್ಕೆ 1962ರಲ್ಲಿ ಕೋಚ್ ಆಗಿ ರಹೀಂ ಸಾಹೇಬರಿದ್ದರು. ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿದ್ದ ಸ್ಟಾಪರ್ ಜರ್ನೈಲ್ ಸಿಂಗ್‌ನನ್ನು ಅವರು ಫಾರ್ವರ್ಡ್ ಮಾಡಿ ಇಳಿಸಿದರು. ಅವನು ಸೆಮಿಫೈನಲಿನಲ್ಲೂ ಗೋಲು ಹೊಡೆದ, ಫೈನಲಿನಲ್ಲೂ ಹೊಡೆದ. ದಕ್ಷಿಣ ಕೊರಿಯಾ ಎದುರು 2-1, ಚಿನ್ನ ನಮ್ಮದು.

ನನಗೆ ನಿಜವಾಗಿ ಸಿಟ್ಟು ಬರುವುದು ಶಾಲೆಯ ಗ್ರೌಂಡಿನಲ್ಲಿ. ಸಂಜೆ ತಂಡ ಮಾಡುವಾಗ ಜೋರಿನ ಹುಡುಗರೆಲ್ಲ ಫಾರ್ವರ್ಡು, ಎಲ್ಲರಿಗೂ ಬೆನ್ನಲ್ಲಿ ಹತ್ತನೇ ನಂಬರು. ದಪ್ಪಗಿರುವವನನ್ನು, ಓಡಲು ಬಾರದವನನ್ನು, ಹೊಸಬನನ್ನು "ಹೋಗಿ ಬ್ಯಾಕ್ ನಿಲ್ಲು" ಅಂತ ದೂಡುತ್ತಾರೆ. ಬ್ಯಾಕ್ ಅಂದರೆ ಶಿಕ್ಷೆ ಅಂತ ಅಲ್ಲೇ ತಲೆಗೆ ಹೋಗುತ್ತದೆ. ಹಾಗೆ ಬೆಳೆದವರು ಗ್ಯಾಲರಿಯಲ್ಲಿ ಕೂತು ಇನ್ನೇನು ಕೂಗಿಯಾರು?

ಅದಕ್ಕೆ ಟೂರ್ನಮೆಂಟ್ ಕಮಿಟಿಯವರ ಹತ್ತಿರ ಒಂದು ಮಾತು ಎತ್ತಿದ್ದೇನೆ. ಟಾಪ್ ಸ್ಕೋರರಿಗೆ ಕೊಡುವ ಟ್ರೋಫಿಯಷ್ಟೇ ಎತ್ತರದ್ದು ಒಂದು ಬೆಸ್ಟ್ ಬ್ಯಾಕಿಗೂ ಬೇಕು, ಖರ್ಚು ನನ್ನದು. ಅವರು ಬೇಡ ಅನ್ನಲಿಲ್ಲ. ಆದರೆ ಆರಿಸುವುದು ಯಾರು ಅಂತ ಕೇಳಿದರು. ಗೋಲಿನ ಲೆಕ್ಕ ರೆಫರಿ ಬರೆದಿಡುತ್ತಾನೆ, ಇದಕ್ಕೆ ಪುಸ್ತಕ ಇಲ್ವಲ್ಲ ಮಾಷ್ಟ್ರೇ ಅಂದರು. ಪೇಟೆಯ ಚಹಾದಂಗಡಿಯವರನ್ನು ಕೂರಿಸಿ ಅಂದಿದ್ದೇನೆ. ಮೂರು ದಿನ ರಾತ್ರಿ ಅಂಗಡಿ ಮುಚ್ಚಲು ಅವರು ಒಪ್ಪಬೇಕಷ್ಟೇ. ಅವರ ಹತ್ತಿರ ಸಲುಗೆ ಇರುವವರು ಯಾರಾದರೂ ಸ್ವಲ್ಪ ಹೇಳಿ ನೋಡಿ.