ಬಚ್ಚಲ ಒಲೆಯ ಮುಂದೆ ಹೊರಬರುವ ಸುದ್ದಿ

"ಇವತ್ತು ಶಾಲೆಯಲ್ಲಿ ಏನಾಯಿತೋ?"

"ಏನೂ ಇಲ್ಲ."

ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟು ಸಂಜೆ ಐದಕ್ಕೆ ತೊಪ್ಪೆಯಾಗಿ ಬಂದು ನಿಂತವನಿಗೆ ಏನೂ ಆಗಿಲ್ಲವಂತೆ! ಕೊಡಗಿನ ನಮ್ಮ ಶಾಂತಳ್ಳಿ ಕಡೆಯ ಜುಲೈ ಮಳೆಯಲ್ಲಿ ಗೇಟಿನಿಂದ ಜಗುಲಿಗೆ ಬರುವಷ್ಟರಲ್ಲೇ ಏನಾದರೊಂದು ಆಗಿರುತ್ತದೆ.

ಮೊದಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಈಗ ಅನಿಸುತ್ತದೆ, ತಪ್ಪು ಪ್ರಶ್ನೆಯದೇ. ಹೋಂವರ್ಕ್ ಏನು, ಯಾರಿಗೆ ಎಷ್ಟು ಅಂಕ, ನಾಳೆ ರಜೆಯೋ ಇಲ್ಲವೋ ಎಲ್ಲವೂ ವಾಟ್ಸ್ಆ್ಯಪ್‌ನಲ್ಲಿ ಮಕ್ಕಳಿಗಿಂತ ಮೊದಲು ನಮಗೇ ತಲುಪಿರುತ್ತದೆ. ಎಲ್ಲ ತಿಳಿದುಕೊಂಡು ಮತ್ತೆ ಕೇಳುವುದಕ್ಕೆ ವಿಚಾರಣೆ ಎನ್ನಬೇಕು, ಮಾತುಕತೆ ಎನ್ನಲಾಗದು. ಪೊಲೀಸರ ಮುಂದೆ ಯಾರು ತಾನೇ ಬಾಯಿ ಬಿಡುತ್ತಾರೆ?

ತೋಟದ ಕೆಲಸ ಮುಗಿಸಿ ಬರುತ್ತಿದ್ದ ನನ್ನ ಅಪ್ಪ ನಾನು ಯಾವ ತರಗತಿಯಲ್ಲಿದ್ದೇನೆ ಎಂಬುದನ್ನೂ ಆಗಾಗ ಮರೆಯುತ್ತಿದ್ದರು. ಅವರು ಕೇಳುತ್ತಿದ್ದುದು ಒಂದೇ: "ಬುತ್ತಿ ಯಾರ ಜೊತೆ ಉಂಡೆ?" ಉತ್ತರ ಶುರುವಾದರೆ ರಾತ್ರಿ ಊಟದವರೆಗೂ ಮುಗಿಯುತ್ತಿರಲಿಲ್ಲ. ಈಗ ಬುತ್ತಿಯ ಜಾಗಕ್ಕೆ ಬಿಸಿಯೂಟ ಬಂದಿದೆ, ಮೊಟ್ಟೆಯೂ ಇದೆ. ಪ್ರಶ್ನೆ ಮಾತ್ರ ಇನ್ನೂ ಚಲಾವಣೆಯಲ್ಲಿದೆ. ಮೊಟ್ಟೆಯ ಹಳದಿಯನ್ನು ಯಾರು ಯಾರಿಗೆ ಕೊಟ್ಟರು ಎಂದು ಕೇಳಿ ನೋಡಿ, ತರಗತಿಯ ಅರ್ಧ ರಾಜಕೀಯ ತಿಳಿಯುತ್ತದೆ.

ನಮ್ಮ ಮನೆಯಲ್ಲಿ ಮಾತು ಹೊರಡುವುದು ಬಚ್ಚಲ ಒಲೆಯ ಮುಂದೆ. ಸಾಕ್ಸ್ ತಿರುಚಿ ನೀರು ಹಿಂಡಿ, ಹಂಡೆಯ ಮೇಲಿನ ತಂತಿಗೆ ಹಾಕಿ, ಕಾಲ್ಬೆರಳ ಸಂದಿಯಲ್ಲಿ ಜಿಗಣೆ ಹುಡುಕುತ್ತೇನೆ. ಮೊನ್ನೆ ಒಂದು ಸಿಕ್ಕಿತು. ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿತ್ತು. ಉಪ್ಪು ಹಾಕುತ್ತಿದ್ದಂತೆ ಮಗ ಕೇಳಿದ, "ಅಮ್ಮಾ, ಜೋಕ್ ಅಂದರೆ ಏನು ಗೊತ್ತೇ?"

"ನಗೆಹನಿ."

"ಅಲ್ಲ, ಇದೇ!" ಎಂದು ನೆಲದ ಮೇಲೆ ಮುದುಡುತ್ತಿದ್ದ ಜಿಗಣೆಯನ್ನು ತೋರಿಸಿದ. ಪಕ್ಕದ ತೋಟದ ಕಾರ್ಮಿಕರ ಲೈನ್ ಮನೆಗೆ ಅಸ್ಸಾಮಿನಿಂದ ಬಂದ ಕುಟುಂಬದ ಹುಡುಗ ಇವನ ಪಕ್ಕವೇ ಕೂರುತ್ತಾನಂತೆ. ಅವರ ಭಾಷೆಯಲ್ಲಿ ಜಿಗಣೆಗೆ ಜೋಕ್ ಎನ್ನುತ್ತಾರಂತೆ. ದಿನಕ್ಕೊಂದು ಪದ ಅದಲುಬದಲು. ಜೂನ್‌ನಿಂದ ನಡೆಯುತ್ತಿರುವ ಈ ವ್ಯಾಪಾರ ನನಗೆ ತಿಳಿದದ್ದು ಒಂದು ಜಿಗಣೆಯ ದಯೆಯಿಂದ.

ಹೀಗೆ ಬಂದ ಮಾತನ್ನು ಹಾಳು ಮಾಡುವ ಕಲೆಯೂ ನನಗೆ ಗೊತ್ತು. ಹೋದ ವರ್ಷ ಬಸ್ಸು ತಡವಾದದ್ದಕ್ಕೆ ಮಗಳನ್ನು ತರಗತಿಯ ಹೊರಗೆ ನಿಲ್ಲಿಸಿದ್ದರು. ಇರಚಲಿನಲ್ಲಿ ಒಂದು ಪೀರಿಯಡ್ ಪೂರ್ತಿ. ರಾತ್ರಿ ಅವಳು ಹೇಳಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ನೀನೇನು ಮಾಡಿದ್ದೆ?" ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಕೊಡುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆಗಲೂ ನನಗದು ಗೊತ್ತಿತ್ತು. ಆದರೂ ನಾಲಿಗೆ ಹೊರಳಿದ್ದು ಅವಳ ಕಡೆಗೇ. ಮರುದಿನ ಶಾಲೆಗೆ ಹೋಗಿ ಮಾತನಾಡಿದೆ, ಅಲ್ಲಿ ಅದು ಸರಿಹೋಯಿತು. ಮನೆಯಲ್ಲಿ ಸರಿಹೋಗಲು ತಿಂಗಳೇ ಹಿಡಿಯಿತು. ಅಷ್ಟೂ ದಿನ ಅವಳದೂ "ಏನೂ ಇಲ್ಲ."

ಆದ್ದರಿಂದ ಈಗ ಒಲೆಗೆ ಸೌದೆ ತಳ್ಳುತ್ತಾ "ಹೂಂ" ಎನ್ನುತ್ತೇನೆ, ಅಷ್ಟೇ. ನನ್ನಂಥ ಬಾಯಿಬಡುಕಿಗೆ ಇದೇನು ಸಣ್ಣ ತಪಸ್ಸಲ್ಲ.

ಇದನ್ನು ಬರೆಯುತ್ತಿರುವಾಗಲೇ ನಾಳೆಯೂ ಮಳೆ ರಜೆ ಎಂಬ ಸಂದೇಶ ಬಂತು. ಮಗಳು ಕುಣಿದಳು. ಮಗನ ಮುಖ ಬಾಡಿತು. ಹಿತ್ತಲ ಗೋಡೆಗೆ ನೇತುಹಾಕಿರುವ, ಮಳೆಗೆ ತಲೆಯಿಂದ ಬೆನ್ನಿನವರೆಗೆ ಹೊದೆಯುವ ಅಜ್ಜಿಯ ಗೊರಬು ನಾಳೆಯ ಪದವಾಗಬೇಕಿತ್ತಂತೆ.